ಬೈಹುಲ್ಲು, ಬಾಳೆದಿಂಡು ಗೋಬರ್ ಗ್ಯಾಸಿಗೆ: ಹಾಕುವ ಮೊದಲು ಹದ ಮಾಡುವುದು ಹೇಗೆ?

ಪ್ರಶ್ನೆ: ನಮ್ಮ ಮನೆ ಕಾರ್ಕಳ ತಾಲೂಕಿನ ಬೆಳ್ಮಣ್ ಹತ್ತಿರ. ಐದು ದನಗಳಿದ್ದಾಗ 3 ಘನ ಮೀಟರಿನ ದೀನಬಂಧು ಮಾದರಿಯ (ನೆಲದೊಳಗೆ ಗುಮ್ಮಟ ಕಟ್ಟುವ) ಗೋಬರ್ ಗ್ಯಾಸ್ ಕಟ್ಟಿಸಿದ್ದು. ಈಗ ಹಟ್ಟಿಯಲ್ಲಿ ಎರಡೇ ದನ, ದಿನಕ್ಕೆ 28 ಕಿಲೊದಷ್ಟು ಸೆಗಣಿ. ಬೆಳಗ್ಗಿನ ಅಡುಗೆಗೆ ಮಾತ್ರ ಗ್ಯಾಸ್ ಸಾಕಾಗುತ್ತದೆ. ಬೈಹುಲ್ಲು, ಅಡಿಕೆ ಸೋಗೆ, ಹಾಳೆ, ಬಾಳೆದಿಂಡು, ಬೇಲಿಯ ಗ್ಲಿರಿಸಿಡಿಯಾ ಸೊಪ್ಪು ಬೇಕಾದಷ್ಟಿದೆ. ಕಳೆದ ತಿಂಗಳು ಸೋಗೆ ಮತ್ತು ಬೈಹುಲ್ಲನ್ನು ಕತ್ತಿಯಲ್ಲಿ ಕಡಿದು ಸೆಗಣಿಯೊಟ್ಟಿಗೆ ಹದಿನೈದು ದಿನ ಹಾಕಿದೆವು. ಇದ್ದ ಗ್ಯಾಸೂ ಕಡಿಮೆಯಾಯಿತು. ಕಾಸ್ಟಿಕ್ ಸೋಡದಲ್ಲಿ ನೆನೆಸಿ ಹಾಕಿದರೆ ಸರಿಯಾಗುತ್ತದೆ ಎಂದು ಪರಿಚಯದವರು ಹೇಳಿದರು. ಹೌದೇ? ಯಾವುದನ್ನು, ಎಷ್ಟು, ಹೇಗೆ ಹದ ಮಾಡಿ ಹಾಕಬೇಕು?

ಉತ್ತರ: ಕಾಸ್ಟಿಕ್ ಸೋಡ ಬೇಡ. ಬೈಹುಲ್ಲಿಗೆ ಸುಣ್ಣ ಸಾಕು. ಸುಣ್ಣ ಇಲ್ಲದಿದ್ದರೆ ನಿಮ್ಮದೇ ಗುಂಡಿಯಿಂದ ಹೊರಬರುವ ಸೆಗಣಿ ರಾಡಿ, ಅಂದರೆ ಸ್ಲರಿ, ಸಾಕು. ಅಡಿಕೆ ಹಾಳೆ, ಸೋಗೆಯ ದಂಟು, ಅಡಿಕೆ ಸಿಪ್ಪೆ ಇವನ್ನು ಗ್ಯಾಸಿಗೆ ಹಾಕುವ ಯೋಚನೆಯನ್ನೇ ಬಿಡಿ. ಉಳಿದದ್ದನ್ನು ಸರಿಯಾಗಿ ಹದ ಮಾಡಿ ಹಾಕಿದರೆ ಈಗಿನ ಗ್ಯಾಸು ಹತ್ತಿರಹತ್ತಿರ ಇಮ್ಮಡಿಯಾಗಬಹುದು. ಆದರೆ ಅದು ಹದಿನೈದು ದಿನದ ಕೆಲಸವಲ್ಲ, ಎರಡು ತಿಂಗಳು ಹಿಡಿಯುತ್ತದೆ.

ಹೊಸದನ್ನು ಶುರು ಮಾಡುವ ಮೊದಲು ಕಳೆದ ತಿಂಗಳು ಒಳಗೆ ಏನಾಯಿತು ಎಂದು ತಿಳಿಯಬೇಕು. ಸೆಗಣಿ ಎಂದರೆ ದನ ಒಮ್ಮೆ ಅರೆದು, ಮೆಲುಕು ಹಾಕಿ, ಹೊಟ್ಟೆಯೊಳಗೆ ಬೆಚ್ಚಗೆ ನೆನೆಹಾಕಿ ಕೊಟ್ಟ ಹುಲ್ಲು. ಅದನ್ನು ನೀರಲ್ಲಿ ಕಲಸಿದರೆ ತಾನಾಗಿ ಮುಳುಗುತ್ತದೆ. ಬೈಹುಲ್ಲು ಹಾಗಲ್ಲ. ಕಡ್ಡಿಯ ಒಳಗೆ ಟೊಳ್ಳು, ಟೊಳ್ಳಿನಲ್ಲಿ ಗಾಳಿ, ಹೊರಗೆ ಮೇಣದ ಪದರ. ಕಡಿದು ಹಾಕಿದ ಕೂಡಲೇ ತೇಲುತ್ತದೆ. ಸ್ವಲ್ಪ ನೆನೆದರೂ ಗ್ಯಾಸಿನ ಗುಳ್ಳೆಗಳು ಅದಕ್ಕೆ ಅಂಟಿಕೊಂಡು ಪುನಃ ಮೇಲಕ್ಕೆ ಎತ್ತುತ್ತವೆ. ದೀನಬಂಧುವಿನಲ್ಲಿ ಕಲಕುವ ವ್ಯವಸ್ಥೆ ಇಲ್ಲ. ಸ್ಲರಿ ಹೊರಗೆ ಬರುವ ಬಾಯಿ ಕೆಳಮಟ್ಟದಲ್ಲಿರುವುದರಿಂದ ತೇಲಿದ್ದು ಹೊರಗೆ ಹೋಗುವುದೂ ಇಲ್ಲ. ಗುಮ್ಮಟದ ಕೆಳಗೆ ಚಾಪೆಯಂತೆ ಹೆಣೆದುಕೊಳ್ಳುತ್ತದೆ. ಸೋಗೆಯ ನಾರು ಸೇರಿದರೆ ಆ ಚಾಪೆ ಇನ್ನೂ ಗಟ್ಟಿ. ಅದರ ಕೆಳಗೆ ಹುಟ್ಟಿದ ಗ್ಯಾಸು ಮೇಲೆ ಬರಲಾಗದೆ ಸ್ಲರಿಯೊಟ್ಟಿಗೆ ಹೊರಗಿನ ತೊಟ್ಟಿಯಲ್ಲಿ ಗುಳುಗುಳು ಎಂದು ಹೋಗಿಬಿಡುತ್ತದೆ. ಚಾಪೆಯ ಮೇಲ್ಭಾಗ ಒಣಗಿ ಕೂತಿರುವುದರಿಂದ ಅಲ್ಲಿನ ಹುಲ್ಲು ಕೊಳೆಯುವುದೂ ಇಲ್ಲ.

ಹದ ಮಾಡುವುದು ಎಂದ ಕೂಡಲೇ ಎಲ್ಲರೂ ರಾಸಾಯನಿಕದ ಬಗ್ಗೆ ಕೇಳುತ್ತಾರೆ. ಮನೆಮಟ್ಟದ ಗುಂಡಿಯಲ್ಲಿ ಮೊದಲು ಬೇಕಾದದ್ದು ಹುಲ್ಲು ಮುಳುಗುವುದು ಮತ್ತು ಮುಳುಗಿಯೇ ಇರುವುದು. ಅದಾಗದೆ ಯಾವ ಔಷಧ ಹಾಕಿದರೂ ಪ್ರಯೋಜನವಿಲ್ಲ.

ಆಮೇಲೆ ಬರುವುದು ಲಿಗ್ನಿನ್ನಿನ ಮಾತು. ಗಿಡದ ಗೋಡೆಯಲ್ಲಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಎಂಬ ಎರಡು ಸಕ್ಕರೆಯ ಸರಪಳಿಗಳಿವೆ. ಗ್ಯಾಸ್ ಆಗುವುದು ಇವೆರಡರಿಂದ. ಇವನ್ನು ಹಿಡಿದು ಕಟ್ಟಿರುವ ಗಾರೆ ಲಿಗ್ನಿನ್. ಆಮ್ಲಜನಕವಿಲ್ಲದ ಗುಂಡಿಯಲ್ಲಿ ಲಿಗ್ನಿನ್ ಕರಗುವುದಿಲ್ಲ ಎಂದೇ ಹೇಳಬಹುದು. ಒಳಗಿನ ಸೂಕ್ಷ್ಮಜೀವಿಗಳು ಗಾರೆಯ ಸಂದಿಯಲ್ಲಿ ಸಿಕ್ಕಿದಷ್ಟು ಸಕ್ಕರೆಯನ್ನಷ್ಟೇ ತಿನ್ನುತ್ತವೆ. ಹಾಗಾಗಿ ಸೆಗಣಿಯಲ್ಲಿ ಬೇಗ ನಡೆಯುವ ಕೆಲಸ ಹುಲ್ಲಿನಲ್ಲಿ ಮೊದಲ ಹೆಜ್ಜೆಯಲ್ಲೇ, ಅಂದರೆ ಸರಪಳಿ ಬಿಡಿಸುವ ಹಂತದಲ್ಲೇ ನಿಧಾನವಾಗುತ್ತದೆ. ಕತ್ತರಿಸುವುದು, ನೆನೆಸುವುದು, ಸುಣ್ಣ ಹಾಕುವುದು ಎಲ್ಲವೂ ಈ ಹೆಜ್ಜೆಯನ್ನು ಗುಂಡಿಯ ಹೊರಗೇ ಅರ್ಧ ಮುಗಿಸಿ ಕೊಡುವ ಉಪಾಯಗಳು.

ಈಗ ಒಳಗಿರುವ ಚಾಪೆಯನ್ನು ಒಡೆಯಬೇಕು. ಹತ್ತು ಹದಿನೈದು ದಿನ ಹುಲ್ಲು, ಸೊಪ್ಪು ಏನೂ ಹಾಕಬೇಡಿ. ಸೆಗಣಿಯನ್ನು ಎಂದಿಗಿಂತ ತುಸು ತೆಳ್ಳಗೆ ಕಲಸಿ ಹಾಕಿ. ದಿನಕ್ಕೆರಡು ಸಲ ಹೊರತೊಟ್ಟಿಯಿಂದ ಐದಾರು ಬಕೆಟ್ ಸ್ಲರಿ ತೆಗೆದು ಒಳಬಾಯಿಗೆ ರಭಸವಾಗಿ ಹೊಯ್ಯಿರಿ. ಒಳಗೆ ಹೋಗುವ ಪೈಪು ನೇರವಾಗಿದ್ದರೆ ಉದ್ದದ ಬಿದಿರಿನ ಗಳುವನ್ನು ಅದರಲ್ಲಿ ಇಳಿಸಿ ಹಿಂದೆಮುಂದೆ ಆಡಿಸಿ. ಪೈಪಿನ ಬಾಯಲ್ಲಿ ಸಿಕ್ಕಿಕೊಂಡ ನಾರು ಬಿಡುತ್ತದೆ, ಒಳಗೂ ಸ್ವಲ್ಪ ಕಲಕಿದಂತಾಗುತ್ತದೆ. ಹದಿನೈದೇ ದಿನ ಹಾಕಿದ್ದರಿಂದ ಇಷ್ಟರಲ್ಲೇ ಸರಿಹೋಗುವ ಸಾಧ್ಯತೆ ಹೆಚ್ಚು.

ಸರಿಹೋಗದಿದ್ದರೆ ಗುಂಡಿ ಖಾಲಿ ಮಾಡಿಸಬೇಕಾಗುತ್ತದೆ. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಹೊರತೊಟ್ಟಿಯ ಮೂಲಕ ಯಾರೂ ಒಳಗೆ ಇಳಿಯಕೂಡದು, ಒಂದು ನಿಮಿಷಕ್ಕೂ, ಮೂಗಿಗೆ ಬಟ್ಟೆ ಕಟ್ಟಿಕೊಂಡೂ. ಅಲ್ಲಿ ಆಮ್ಲಜನಕ ಇರುವುದಿಲ್ಲ, ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಅದು ಹೆಚ್ಚಿದ್ದಾಗ ಮೂಗು ಅದರ ವಾಸನೆ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಒಬ್ಬ ಬಿದ್ದ, ಎತ್ತಲು ಹೋದವನೂ ಬಿದ್ದ ಎಂಬುದು ಇಂಥ ಗುಂಡಿಗಳಲ್ಲಿ ಮತ್ತೆ ಮತ್ತೆ ನಡೆಯುವ ದುರಂತ. ಮೇಲಿನಿಂದಲೇ ಪಂಪಿನಲ್ಲಿ ಸ್ಲರಿ ತೆಗೆಸಿ. ಗ್ಯಾಸಿನ ಪೈಪು ಬಿಚ್ಚಿಡಿ. ಹತ್ತಿರ ಬೆಂಕಿ, ಬೀಡಿ ಇರಬಾರದು. ಉಳಿದ ಕೆಲಸಕ್ಕೆ ಗಾಳಿ ಊದುವ ಯಂತ್ರ, ಹಗ್ಗ, ಅನುಭವ ಇರುವ ಗುತ್ತಿಗೆಯವರನ್ನೇ ಕರೆಯಿರಿ.

ಇನ್ನು ಆಯ್ಕೆ. ನಿಮ್ಮಲ್ಲಿರುವ ಐದರಲ್ಲಿ ಮೂರು ಒಳ್ಳೆಯವು. ಬೈಹುಲ್ಲು, ಬಾಳೆದಿಂಡು, ಗ್ಲಿರಿಸಿಡಿಯಾ. ಹಾಳೆ ಮತ್ತು ಅಡಿಕೆ ಸಿಪ್ಪೆಯಲ್ಲಿ ಗಟ್ಟಿ ನಾರು, ಲಿಗ್ನಿನ್ ಬಹಳ. ಅವನ್ನು ಗ್ಯಾಸಿಗೆ ಒಗ್ಗಿಸುವ ಖರ್ಚಿಗೆ ಸಿಗುವ ಗ್ಯಾಸು ಸಾಟಿಯಾಗದು. ಅವು ಮರದ ಬುಡಕ್ಕೆ ಮುಚ್ಚಿಗೆಯಾಗಿ ಹೋಗಲಿ, ಹಾಳೆ ತಟ್ಟೆಯಾಗಲಿ. ಸೋಗೆಯಲ್ಲಿ ದಂಟು ತೆಗೆದು ಗರಿ ಮಾತ್ರ ಬಳಸಬಹುದು, ಆದರೆ ಬೈಹುಲ್ಲು ಇರುವವರೆಗೆ ಆ ಕಷ್ಟ ಬೇಡ. ತೆಂಗಿನ ಮಡಲಿಗೂ ಇದೇ ಮಾತು. ಗೇರು, ಅಕೇಶಿಯಾ ತರಗೆಲೆ ಗುಡ್ಡೆಗಟ್ಟಲೆ ಸಿಗುತ್ತದೆ ಎಂದು ಹಾಕುವವರಿದ್ದಾರೆ. ಒಗರಿನ ಅಂಶ, ಅಂದರೆ ಟ್ಯಾನಿನ್, ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಅವು ಕಾಂಪೋಸ್ಟಿಗೆ.

ಕತ್ತರಿಸುವುದರಲ್ಲಿ ಜಿಪುಣತನ ಮಾಡಬೇಡಿ. ಕತ್ತಿಯಲ್ಲಿ ಕಡಿದ ಹುಲ್ಲು ಗೇಣುದ್ದ ಉಳಿಯುತ್ತದೆ. ಬೇಕಾದದ್ದು 1ರಿಂದ 2 ಸೆಂ.ಮೀ. ಮೇವು ಕತ್ತರಿಸುವ ಯಂತ್ರದ ಬ್ಲೇಡನ್ನು ಅತಿ ಸಣ್ಣ ತುಂಡಿಗೆ ಹೊಂದಿಸಿ, ಸಾಧ್ಯವಾದರೆ ಎರಡು ಸಲ ಬಿಡಿ. ತುಂಡು ಸಣ್ಣದಾದಷ್ಟು ಟೊಳ್ಳಿನ ಎರಡೂ ತುದಿ ಹತ್ತಿರವಾಗಿ ಗಾಳಿ ಹೊರಗೆ, ನೀರು ಒಳಗೆ ಬೇಗ ಹೋಗುತ್ತದೆ. ಸಣ್ಣ ತುಂಡುಗಳು ಚಾಪೆಯಂತೆ ಹೆಣೆದುಕೊಳ್ಳಲೂ ಆಗದು. ಹಾಗೆಂದು ಹಿಟ್ಟಿನಂತೆ ಪುಡಿ ಮಾಡುವ ಅಗತ್ಯವಿಲ್ಲ, ಕರೆಂಟಿನ ಖರ್ಚು ಏರುತ್ತದೆ, ಲಾಭ ಅಷ್ಟು ಏರುವುದಿಲ್ಲ. ಬೈಹುಲ್ಲಿನ ತೂಕದ ನೂರಕ್ಕೆ 15ರ ಆಸುಪಾಸು ಬೂದಿಯಂಶ, ಅದರಲ್ಲಿ ಹೆಚ್ಚಿನದು ಸಿಲಿಕ. ಯಂತ್ರದ ಬ್ಲೇಡು ಬೇಗ ಮೊಂಡಾಗುವುದು ಅದರಿಂದಲೇ. ಮೊಂಡು ಬ್ಲೇಡು ಕತ್ತರಿಸುವುದಿಲ್ಲ, ಜಜ್ಜಿ ಉದ್ದಕ್ಕೆ ಸೀಳುತ್ತದೆ, ಆ ಉದ್ದದ ಸೀಳುಗಳೇ ಪೈಪು ಕಟ್ಟುತ್ತವೆ. ಸಾಣೆ ಹಿಡಿಸುತ್ತಿರಿ.

ಬಾಳೆದಿಂಡನ್ನು ಮಾತ್ರ ಉದ್ದಕ್ಕೆ ಸೀಳಬೇಡಿ, ಅಡ್ಡಕ್ಕೆ ಬಿಲ್ಲೆ ಬಿಲ್ಲೆಯಾಗಿ ಕೊಯ್ಯಿರಿ, ಎರಡು ಬೆರಳಿಗಿಂತ ದಪ್ಪ ಬೇಡ. ಅದರ ನಾರು ಉದ್ದಕ್ಕೂ ಓಡುತ್ತದೆ. ಅಡ್ಡಕ್ಕೆ ಕೊಯ್ದರೆ ನಾರು ತುಂಡಾಯಿತು, ಇಲ್ಲದಿದ್ದರೆ ಒಳಗೆ ಹಗ್ಗ ಹೊಸೆದಂತಾಗುತ್ತದೆ. ಬಿಲ್ಲೆಗಳನ್ನು ಎರಡು ದಿನ ಮುಚ್ಚಿದ ಬುಟ್ಟಿಯಲ್ಲಿಟ್ಟರೆ ಮೆತ್ತಗಾಗುತ್ತವೆ, ಬೇರೆ ಹದ ಬೇಕಿಲ್ಲ. ಗ್ಲಿರಿಸಿಡಿಯಾವನ್ನು ಒಂದು ದಿನ ಬಾಡಿಸಿ, ಪೆನ್ಸಿಲಿಗಿಂತ ದಪ್ಪದ ಕಡ್ಡಿ ಬಿಟ್ಟು ಸೊಪ್ಪನ್ನು ಕೊಚ್ಚಿದರೆ ಆಯಿತು.

ಈಗ ಬೈಹುಲ್ಲಿನ ಸುಣ್ಣದ ಹದ. ಸುಣ್ಣ ಎಂಬ ಕ್ಷಾರ ಲಿಗ್ನಿನ್ನಿಗೂ ಹೆಮಿಸೆಲ್ಯುಲೋಸಿಗೂ ನಡುವಿನ ಬೆಸುಗೆಯನ್ನು ಸಡಿಲಿಸುತ್ತದೆ. ಹುಲ್ಲು ಉಬ್ಬಿ ಮೆತ್ತಗಾಗಿ ನೀರು ಕುಡಿಯುತ್ತದೆ. 200 ಲೀಟರಿನ ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ ತೆಗೆದುಕೊಳ್ಳಿ. ಒಂದು ಡ್ರಮ್ಮಿಗೆ ಕತ್ತರಿಸಿದ ಬೈಹುಲ್ಲು 10 ಕಿಲೊ, ಅರಳಿದ ಸುಣ್ಣ 500 ಗ್ರಾಂ, ನೀರು 20ರಿಂದ 22 ಲೀಟರ್. ಅಂದರೆ ಸುಣ್ಣ ಹುಲ್ಲಿನ ತೂಕದ ನೂರಕ್ಕೆ ಐದು. ಸುಣ್ಣ ನೀರಲ್ಲಿ ಕರಗುವುದು ತೀರ ಕಡಿಮೆ, ಲೀಟರಿಗೆ ಎರಡು ಗ್ರಾಮೂ ಇಲ್ಲ. ಹಾಗಾಗಿ ತಿಳಿನೀರು ಬಸಿದು ಹಾಕಿದರೆ ಸುಣ್ಣ ಬಕೆಟಿನ ತಳದಲ್ಲೇ ಉಳಿಯಿತು ಎಂದರ್ಥ. ಕಲಕುತ್ತ, ಹಾಲಿನಂತಿರುವಾಗಲೇ ಚಿಮುಕಿಸಬೇಕು. ಒಂದು ಪದರ ಹುಲ್ಲು, ಅದರ ಮೇಲೆ ಸುಣ್ಣದ ಹಾಲು, ಗಮ್ ಬೂಟು ಹಾಕಿ ತುಳಿದು ಮತ್ತೊಂದು ಪದರ. ತುಂಬಿದ ಮೇಲೆ ಭಾರದ ಕಲ್ಲಿಟ್ಟು ಮುಚ್ಚಳ ಬಿಗಿ ಮಾಡಿ. ಬಾಯಿ ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡು ಸುಣ್ಣವನ್ನು ಚಾಕ್ ಪುಡಿ ಮಾಡಿಬಿಡುತ್ತದೆ, ಹುಲ್ಲಿನ ಮೇಲೆ ಕೆಲಸ ಮಾಡಲು ಏನೂ ಉಳಿಯದು.

ನಮ್ಮ ಕಡೆ ಸಿಗುವ ಚಿಪ್ಪಿನ ಸುಣ್ಣ ಇದಕ್ಕೆ ಚೆನ್ನಾಗಿ ಆಗುತ್ತದೆ. ಆದರೆ ಅದು ಹೊಸದಿರಬೇಕು. ಗೋಣಿಯಲ್ಲಿ ವರ್ಷಗಟ್ಟಲೆ ಗಾಳಿಗೆ ಬಿದ್ದ ಸುಣ್ಣ ಬಹುಪಾಲು ಸತ್ತಿರುತ್ತದೆ. ಚಿಟಿಕೆ ಸುಣ್ಣಕ್ಕೆ ನಾಲ್ಕು ಹನಿ ವಿನೆಗರ್ ಬಿಟ್ಟು ನೋಡಿ. ಬುಸ್ಸನೆ ನೊರೆ ಬಂದರೆ ಅದು ಸತ್ತ ಸುಣ್ಣ, ನೊರೆ ಇಲ್ಲದೆ ಕರಗಿದರೆ ಒಳ್ಳೆಯದು. ಸುಡು ಸುಣ್ಣವಾದರೆ ಹಿಂದಿನ ದಿನವೇ ನೀರು ಹಾಕಿ ಅರಳಿಸಿ, ತಣಿದ ಮೇಲೆ ಬಳಸಿ. ಅರಳುವಾಗ ಕುದಿಯುವಷ್ಟು ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಬಕೆಟ್ ಮೆತ್ತಗಾದೀತು. ಕೈಗೆ ರಬ್ಬರ್ ಗ್ಲೌಸು, ಕಣ್ಣಿಗೆ ಕನ್ನಡಕ ಕಡ್ಡಾಯ. ಕಣ್ಣಿಗೆ ಹಾರಿದ ಸುಣ್ಣ ಕಾಸ್ಟಿಕ್ಕಿನಷ್ಟೇ ಕೆಟ್ಟದ್ದು.

ಇಂಥ ಮೂರು ಡ್ರಮ್ ಇಟ್ಟುಕೊಂಡು ಐದು ದಿನಕ್ಕೊಂದರಂತೆ ತುಂಬುತ್ತ ಹೋದರೆ ಪ್ರತಿಯೊಂದಕ್ಕೂ ಹತ್ತು ದಿನ ನೆನೆಯಲು ಸಮಯ ಸಿಗುತ್ತದೆ, ದಿನಕ್ಕೆ 2 ಕಿಲೊ ಹುಲ್ಲಿನ ಲೆಕ್ಕದಲ್ಲಿ ಒಂದೊಂದು ಡ್ರಮ್ ಐದು ದಿನ ಬರುತ್ತದೆ. ಕರಾವಳಿಯ ಸೆಕೆಯಲ್ಲಿ ಹತ್ತು ದಿನ ಧಾರಾಳ. ತೆರೆದಾಗ ಹುಲ್ಲು ಹೊಂಬಣ್ಣಕ್ಕೆ ತಿರುಗಿ, ಬೆರಳಲ್ಲಿ ಹಿಸುಕಿದರೆ ಚಪ್ಪಟೆಯಾಗಬೇಕು. ಒಂದು ಹಿಡಿ ತೆಗೆದು ಬಕೆಟ್ ನೀರಿಗೆ ಹಾಕಿ ನೋಡಿ. ಕೆಲವೇ ನಿಮಿಷದಲ್ಲಿ ಹೆಚ್ಚಿನದು ತಳ ಸೇರಿದರೆ ಹದ ಬಂದಿದೆ. ತೇಲುತ್ತಲೇ ಇದ್ದರೆ ಗುಂಡಿಯೊಳಗೂ ತೇಲುತ್ತದೆ, ಇನ್ನೆರಡು ದಿನ ಮುಚ್ಚಿಡಿ. ಯಾವ ಉಪಕರಣಕ್ಕಿಂತಲೂ ಈ ಬಕೆಟ್ ಪರೀಕ್ಷೆಯನ್ನು ನಂಬಬಹುದು.

ಹದವಾದ ಹುಲ್ಲನ್ನು ನೇರವಾಗಿ ಗುಂಡಿಗೆ ಸುರಿಯಬೇಡಿ. ಹಿಂದಿನ ಸಂಜೆ ಆ ದಿನದ ಪಾಲನ್ನು, ಒದ್ದೆ ತೂಕದಲ್ಲಿ 6 ಕಿಲೊ ಚಿಲ್ಲರೆ, ಒಂದು ತೊಟ್ಟಿಯಲ್ಲಿ 30 ಲೀಟರ್ ಸ್ಲರಿಯೊಟ್ಟಿಗೆ ಕಲಸಿಡಿ. ರಾತ್ರಿ ಕಳೆಯುವಷ್ಟರಲ್ಲಿ ಉಳಿದ ಸುಣ್ಣದ ಖಾರ ಸ್ಲರಿಯಲ್ಲಿ ತಣಿಯುತ್ತದೆ, ಹುಲ್ಲಿನ ಮೈಗೆ ಸೂಕ್ಷ್ಮಜೀವಿಗಳೂ ಹತ್ತುತ್ತವೆ. ಬೆಳಗ್ಗೆ ಸೆಗಣಿ ಸೇರಿಸಿ, ಹುಳಿ-ಕ್ಷಾರ ಅಳೆಯುವ ಪಿಎಚ್ ಪಟ್ಟಿ ಅದ್ದಿ ನೋಡಿ. 8ಕ್ಕಿಂತ ಮೇಲಿದ್ದರೆ ಅರ್ಧವೇ ಹಾಕಿ, ಮುಂದಿನ ಡ್ರಮ್ಮಿಗೆ ಸುಣ್ಣ 300 ಗ್ರಾಮಿಗೆ ಇಳಿಸಿ. ನೂರಕ್ಕೆ ಐದು ಒಳ್ಳೆಯದಾದರೆ ಹತ್ತು ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿಗೆ: ಅಲ್ಲ. ಹೆಚ್ಚಿನ ಸುಣ್ಣ ಒಳಗಿನ ಪಿಎಚ್ ಏರಿಸುತ್ತದೆ, ಕಲ್ಲಾಗಿ ತಳದಲ್ಲಿ ಕೂರುತ್ತದೆ.

ಸುಣ್ಣದ ಗೊಡವೆ ಬೇಡವೆನ್ನುವವರಿಗೆ ಸ್ಲರಿಯ ಹದ ಇದೆ. 10 ಕಿಲೊ ಕತ್ತರಿಸಿದ ಹುಲ್ಲಿಗೆ 25 ಲೀಟರ್ ಸ್ಲರಿ ಕಲಸಿ, ನೆರಳಲ್ಲಿ ರಾಶಿ ಹಾಕಿ, ಮೇಲೆ ಗೋಣಿ ಮುಚ್ಚಿ. ಎರಡನೇ ದಿನ ಒಳಗೆ ಕೈಯಿಡಲಾಗದಷ್ಟು ಬಿಸಿಯಾಗುತ್ತದೆ. ಒಮ್ಮೆ ತಿರುವಿ ಹಾಕಿ, ನಾಲ್ಕನೇ ದಿನ ಬಳಸಲು ಶುರು ಮಾಡಿ. ಮೇಣದ ಪದರ ಹೋಗಿ ಹುಲ್ಲು ಚೆನ್ನಾಗಿ ಮುಳುಗುತ್ತದೆ. ತಪ್ಪಾಗುವುದು ಮರೆತು ಹತ್ತು ಹನ್ನೆರಡು ದಿನ ಬಿಟ್ಟಾಗ. ಆ ಬಿಸಿ ಎಲ್ಲಿಂದ ಬಂತು? ಗ್ಯಾಸ್ ಆಗಬೇಕಿದ್ದ ಸಕ್ಕರೆಯೇ ಗಾಳಿಯಲ್ಲಿ ಉರಿದು ಬಂದದ್ದು. ಐದು ದಿನ ದಾಟಿದರೆ ನೀವು ಕಾಂಪೋಸ್ಟ್ ಮಾಡುತ್ತಿದ್ದೀರಿ.

ಬಚ್ಚಲಿನ ಒಲೆಯ ಬೂದಿಯೂ ಕ್ಷಾರವೇ. ತೆಂಗಿನ ಸಿಪ್ಪೆ, ಮಡಲು ಉರಿಸಿದ ಬೂದಿಯಲ್ಲಿ ಪೊಟ್ಯಾಶ್ ಹೇರಳ. 1 ಕಿಲೊ ಬೂದಿಯನ್ನು 10 ಲೀಟರ್ ನೀರಲ್ಲಿ ಕಲಕಿ, ರಾತ್ರಿ ತಿಳಿಯಾಗಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ನೀರಿನ ಬದಲು ಬಳಸಬಹುದು. ಸುಣ್ಣದಷ್ಟು ಚುರುಕಿಲ್ಲ, ಆದರೆ ಖರ್ಚಿಲ್ಲ, ಕೊನೆಗೆ ಪೊಟ್ಯಾಶ್ ತೋಟಕ್ಕೇ ಸೇರುತ್ತದೆ. ತಳದ ಮಡ್ಡಿ ಹಾಕಬೇಡಿ, ಅದರ ಮರಳು ಗುಂಡಿಯ ತಳದಲ್ಲಿ ಶೇಖರವಾಗುತ್ತದೆ.

ಯೂರಿಯಾ ಹದ ಹೈನುಗಾರರಿಗೆ ಗೊತ್ತಿರುವಂಥದ್ದೇ. ಮೇವಿಗೆ ಮಾಡುವಂತೆ 100 ಕಿಲೊ ಹುಲ್ಲಿಗೆ 4 ಕಿಲೊ ಯೂರಿಯಾವನ್ನು 40ರಿಂದ 50 ಲೀಟರ್ ನೀರಲ್ಲಿ ಕರಗಿಸಿ ಚಿಮುಕಿಸಿ ಮೂರು ವಾರ ಗಾಳಿಯಾಡದಂತೆ ಮುಚ್ಚಿಡುವುದು. ಹುಟ್ಟುವ ಅಮೋನಿಯ ಹುಲ್ಲನ್ನು ಮೆತ್ತಗೆ ಮಾಡುತ್ತದೆ, ಸಾರಜನಕದ ಕೊರತೆಯನ್ನೂ ತುಂಬುತ್ತದೆ. ನಿಮ್ಮಲ್ಲಿ ಗ್ಲಿರಿಸಿಡಿಯಾ ಇರುವಾಗ ಇದರ ಅಗತ್ಯವಿಲ್ಲ. ಮಾಡುವುದಾದರೆ ಸುಣ್ಣದೊಟ್ಟಿಗೆ ಮಾತ್ರ ಬೇಡ. ಸುಣ್ಣ ಅಮೋನಿಯವನ್ನು ಗಾಳಿಗೆ ಓಡಿಸುತ್ತದೆ, ಡ್ರಮ್ ತೆರೆದವರ ಕಣ್ಣುಮೂಗು ಉರಿಯುತ್ತದೆ.

ಕಾಸ್ಟಿಕ್ ಸೋಡದ ವಿಷಯ. ಅದು ಕೆಲಸ ಮಾಡುತ್ತದೆ, ಸುಣ್ಣಕ್ಕಿಂತ ಚುರುಕಾಗಿಯೇ. ಪ್ರಯೋಗಶಾಲೆಗಳಲ್ಲಿ ಹುಲ್ಲಿನ ತೂಕದ ನೂರಕ್ಕೆ ಆರರವರೆಗೆ ಬಳಸುತ್ತಾರೆ. ಆ ಲೆಕ್ಕದಲ್ಲಿ ನಿಮ್ಮ 2 ಕಿಲೊ ಹುಲ್ಲಿಗೆ ದಿನಕ್ಕೆ 120 ಗ್ರಾಂ ಬೇಕು. ಅದರಲ್ಲಿ 69 ಗ್ರಾಂ ಸೋಡಿಯಂ. ವರ್ಷಕ್ಕೆ 25 ಕಿಲೊ ಸೋಡಿಯಂ ಸ್ಲರಿಯಲ್ಲಿ ಸೇರಿ ಅಡಿಕೆ ಬುಡಕ್ಕೆ, ತರಕಾರಿ ಸಾಲಿಗೆ ಹೋಗುತ್ತದೆ. ಸುಣ್ಣದ ಕ್ಯಾಲ್ಸಿಯಂ ಆದರೋ ನಮ್ಮ ಹುಳಿ ಜಂಬಿಟ್ಟಿಗೆ ಮಣ್ಣಿಗೆ ಹೇಗೂ ಬೇಕಾದದ್ದು. ಅದೂ ಅಲ್ಲದೆ ಕಾಸ್ಟಿಕ್ ಚರ್ಮ ಸುಡುತ್ತದೆ, ಅಲ್ಯುಮಿನಿಯಂ ಪಾತ್ರೆಯನ್ನು ತಿಂದು ಹೈಡ್ರೋಜನ್ ಬಿಡುತ್ತದೆ, ಮಕ್ಕಳಿರುವ ಮನೆಯಂಗಳದಲ್ಲಿ ಇಟ್ಟುಕೊಳ್ಳುವ ವಸ್ತುವಲ್ಲ. ಆಮ್ಲ, ಒತ್ತಡದ ಹಬೆ ಇವು ಕಾರ್ಖಾನೆಗಳ ದಾರಿ. ಪೊಟ್ಟಣದಲ್ಲಿ ಮಾರುವ ಬ್ಯಾಕ್ಟೀರಿಯಾ ಪುಡಿಗೆ ದುಡ್ಡು ಕೊಡಬೇಕಾಗಿಲ್ಲ, ನಡೆಯುತ್ತಿರುವ ಗುಂಡಿಯ ಒಂದು ಬಕೆಟ್ ಸ್ಲರಿಯಲ್ಲಿ ಬೇಕಾದದ್ದೆಲ್ಲ ಇದೆ. ಚಿಪ್ಪಣಬೆ ಬೆಳೆದು ಬಿಟ್ಟ ಹುಲ್ಲು ಸಿಕ್ಕಿದರೆ ಮಾತ್ರ ಬಿಡಬೇಡಿ, ಅಣಬೆ ಲಿಗ್ನಿನ್ನನ್ನು ಸಡಿಲಿಸಿಯೇ ಕೊಟ್ಟಿರುತ್ತದೆ.

ಎಷ್ಟು ಹಾಕಬೇಕು? 1 ಕಿಲೊ ಹಸಿ ಸೆಗಣಿಗೆ ಸುಮಾರು 40 ಲೀಟರ್ ಗ್ಯಾಸ್ ಎಂಬ ರೂಢಿಯ ಲೆಕ್ಕದಲ್ಲಿ 28 ಕಿಲೊದಿಂದ 1.1 ಘನ ಮೀಟರ್ ಬರುತ್ತದೆ. ಗಂಟೆಗೆ 450 ಲೀಟರ್ ಉರಿಸುವ ಒಲೆ ಎರಡೂವರೆ ಗಂಟೆ ಉರಿಯಲು ಅಷ್ಟು ಸಾಕು. ಇದಕ್ಕೆ ಬೈಹುಲ್ಲು 2 ಕಿಲೊ, ಬಾಳೆದಿಂಡು 10 ಕಿಲೊ, ಹಸಿ ಗ್ಲಿರಿಸಿಡಿಯಾ 5 ಕಿಲೊ ಸೇರಿಸಿ. ಹದ ಮಾಡಿದ ಹುಲ್ಲು ಕಿಲೊಗೆ 200ರಿಂದ 250 ಲೀಟರ್ ಕೊಟ್ಟರೆ 0.4ರಿಂದ 0.5 ಘನ ಮೀಟರ್. ಬಾಳೆದಿಂಡಿನ ಹತ್ತು ಕಿಲೊದಲ್ಲಿ ಒಂಬತ್ತಕ್ಕಿಂತ ಹೆಚ್ಚು ನೀರೇ ಆದ್ದರಿಂದ ಅದು 0.2, ಸೊಪ್ಪು 0.3 ಕೊಟ್ಟೀತು. ಒಟ್ಟು ಎರಡು ಘನ ಮೀಟರ್ ಆಸುಪಾಸು. ಇನ್ನೂ ಹುಲ್ಲು ತುರುಕಿದರೆ ಮೂರಾಗದೇ ಎಂದರೆ, ದೀನಬಂಧುವಿನಲ್ಲಿ ಆಗದು. ಒಣ ಅಂಶದ ಲೆಕ್ಕದಲ್ಲಿ ಹುಲ್ಲಿನ ಪಾಲು ಕಾಲುಭಾಗ ದಾಟಿದರೆ ಕಲಕದ ಗುಂಡಿಯಲ್ಲಿ ಪುನಃ ಚಾಪೆ ಕಟ್ಟುವ ಭಯ. ಬರೀ ಸೊಪ್ಪುಸದೆಯಿಂದ ನಡೆಯಬೇಕಾದರೆ ಗುಂಡಿಯ ವಿನ್ಯಾಸವೇ ಬೇರೆಯಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ ಅಸ್ತ್ರ ಕೇಂದ್ರ ಎಲೆಸೊಪ್ಪಿಗೆಂದೇ ಗುಂಡಿಗಳನ್ನು ರೂಪಿಸಿದ್ದು ಈ ತೇಲುವ ಕಾಟದಿಂದಲೇ.

ಮೂರನ್ನೂ ಬೆರೆಸಲು ಹೇಳುವುದಕ್ಕೆ ಕಾರಣವಿದೆ. ಸೂಕ್ಷ್ಮಜೀವಿಗಳಿಗೆ ಇಂಗಾಲ 20ರಿಂದ 30 ಪಾಲಿದ್ದರೆ ಸಾರಜನಕ ಒಂದು ಪಾಲು ಬೇಕು. ಬೈಹುಲ್ಲಿನಲ್ಲಿ ಒಂದಕ್ಕೆ ಅರುವತ್ತರ ಮೇಲಿದೆ, ಗ್ಲಿರಿಸಿಡಿಯಾದಲ್ಲಿ ಹದಿನೈದರ ಒಳಗೆ. ಮೇಲಿನ ಅಳತೆಯಲ್ಲಿ ಸೆಗಣಿಯೂ ಸೇರಿ 24ರ ಹತ್ತಿರ ನಿಲ್ಲುತ್ತದೆ. ಒಟ್ಟು ಮಿಶ್ರಣ 105 ಲೀಟರ್ ಆಗುವಷ್ಟು ನೀರು ಬೇಕು. ಸಂಜೆ ಕಲಸಿದ 30 ಲೀಟರ್ ಸ್ಲರಿ ಮತ್ತು ಹುಲ್ಲು ಹೀರಿದ ನೀರು ಕಳೆದರೆ ಹೊಸ ನೀರು 25 ಲೀಟರ್ ಸಾಲುತ್ತದೆ. ಇಲ್ಲಿ ನಿಮಗೊಂದು ಅನುಕೂಲವೂ ಇದೆ. ಗುಂಡಿಯನ್ನು 40 ದಿನದ ಲೆಕ್ಕದಲ್ಲಿ ಕಟ್ಟಿದ್ದರೆ ಅದರ ಗಾತ್ರ 6000 ಲೀಟರ್ ಆಸುಪಾಸು. ದಿನಕ್ಕೆ 105 ಲೀಟರ್ ಹಾಕಿದರೆ ಒಳಗೆ ಹೋದದ್ದು ಐವತ್ತೈದು ದಿನಕ್ಕೂ ಮೇಲೆ ಅಲ್ಲೇ ಇರುತ್ತದೆ. ದನ ಕಡಿಮೆಯಾದದ್ದರಿಂದ ಸಿಕ್ಕಿದ ಈ ಸಮಯವೇ ನಿಧಾನಕ್ಕೆ ಕರಗುವ ಹುಲ್ಲಿಗೆ ಬೇಕಾದದ್ದು. ಚಳಿಗಾಲದಲ್ಲೂ ಇಲ್ಲಿ ನೆಲ ಬೆಚ್ಚಗಿರುವುದರಿಂದ ಘಟ್ಟದ ಮೇಲಿನವರಿಗಿರುವ ಗ್ಯಾಸ್ ಇಳಿಯುವ ತೊಂದರೆ ನಿಮಗಿಲ್ಲ.

ಒಮ್ಮೆಲೇ ಇಷ್ಟೂ ಹಾಕಬಾರದು. ಮೊದಲ ವಾರ ಹುಲ್ಲು ಅರ್ಧ ಕಿಲೊ, ಮುಂದಿನ ವಾರ ಒಂದು, ಆಮೇಲೆ ಒಂದೂವರೆ, ನಾಲ್ಕನೇ ವಾರ ಎರಡು. ಸೊಪ್ಪು, ದಿಂಡನ್ನೂ ಇದೇ ಪ್ರಮಾಣದಲ್ಲಿ ಏರಿಸಿ. ವಾರಕ್ಕೆರಡು ಸಲ ಹೊರಬರುವ ಸ್ಲರಿಯ ಪಿಎಚ್ ನೋಡಿ, 6.8ರಿಂದ 7.5ರೊಳಗಿರಬೇಕು. ಗ್ಯಾಸ್ ಬರುತ್ತಿದೆ, ಆದರೆ ಬೆಂಕಿ ಹಿಡಿಯದು ಅಥವಾ ಹಿಡಿದು ಆರುತ್ತದೆ, ಸ್ಲರಿಗೆ ಹುಳಿ ವಾಸನೆ, ಪಿಎಚ್ 6.6ಕ್ಕಿಂತ ಕೆಳಗೆ — ಇದು ಒಳಗೆ ಹುಳಿಯೇರಿದ ಲಕ್ಷಣ. ಹುಳಿ ಮಾಡುವ ಜೀವಿಗಳು ಬೇಗ ಬೆಳೆಯುತ್ತವೆ, ಹುಳಿಯನ್ನು ಮೀಥೇನ್ ಮಾಡುವವು ನಿಧಾನ. ಹೊಸದನ್ನು ಹಾಕುವುದು ನಾಲ್ಕೈದು ದಿನ ನಿಲ್ಲಿಸಿ, ಸ್ಲರಿ ಮರುಹೊಯ್ಯಿರಿ, ಪಕ್ಕದ ಮನೆಯಿಂದ 40 ಕಿಲೊ ತಾಜಾ ಸೆಗಣಿ ತಂದು ಎರಡು ಮೂರು ದಿನದಲ್ಲಿ ಹಾಕಿ. ಅಷ್ಟಕ್ಕೂ ಏರದಿದ್ದರೆ ಅರ್ಧ ಕಿಲೊ ಸುಣ್ಣದ ಹಾಲು ದಿನಕ್ಕೊಮ್ಮೆ, 6.8 ಮುಟ್ಟಿದ ದಿನ ನಿಲ್ಲಿಸಿ. ಗ್ಯಾಸು ಕಡಿಮೆಯಿದ್ದರೂ ಉರಿ ಚೆನ್ನಾಗಿ ನೀಲಿಯಾಗಿದ್ದರೆ ಅದು ಹುಳಿಯಲ್ಲ. ಪೈಪಿನ ಸೋರಿಕೆ ಅಥವಾ ಮತ್ತೆ ಚಾಪೆ. ಮೊದಲು ಕೀಲುಗಳಿಗೆ ಸಾಬೂನಿನ ನೊರೆ ಹಚ್ಚಿ ನೋಡಿ.

ಏಪ್ರಿಲ್, ಮೇಯಲ್ಲಿ ಗೇರುಹಣ್ಣು, ಹಲಸಿನ ಸಿಪ್ಪೆ ರಾಶಿ ಬೀಳುತ್ತದೆ. ಇವು ಲಿಗ್ನಿನ್ನಿಗೆ ವಿರುದ್ಧ ಜಾತಿ, ಸಕ್ಕರೆ ಹೆಚ್ಚಾಗಿ ದಿನದೊಳಗೇ ಹುಳಿಯಾಗುತ್ತವೆ. ಕೊಚ್ಚಿ 3 ಕಿಲೊದಷ್ಟು ಹಾಕಿ, ಆ ದಿನಗಳಲ್ಲಿ ಬಾಳೆದಿಂಡು ಬಿಡಿ.

ಅಡಿಕೆ ತೋಟದವರು ಮರೆಯಬಾರದ ಸಂಗತಿ ಮೈಲುತುತ್ತು. ಕೊಳೆರೋಗಕ್ಕೆ ಮಳೆಗಾಲದ ಮೊದಲಿಗೆ ಮತ್ತು 40–45 ದಿನದ ಮೇಲೆ ಬೋರ್ಡೋ, ಅಂದರೆ ಮೈಲುತುತ್ತು ಮತ್ತು ಸುಣ್ಣದ ದ್ರಾವಣ, ಹೊಡೆಯುತ್ತೇವೆ. ಮೈಲುತುತ್ತಿನ ಕಾಲುಭಾಗ ತಾಮ್ರ, ಮೀಥೇನ್ ಜೀವಿಗಳಿಗೆ ತಾಮ್ರ ವಿಷ. ಸಿಂಪಡಿಸಿದ ಮರದಡಿಯ ಬಾಳೆ, ಹುಲ್ಲು, ಉದುರಿದ ಸೋಗೆ ಯಾವುದೂ ಆ ತಿಂಗಳುಗಳಲ್ಲಿ ಗುಂಡಿಗೆ ಬೇಡ. ಉಳಿದ ಬೋರ್ಡೋದಲ್ಲಿ ಸುಣ್ಣ ಇದೆಯಲ್ಲ ಎಂದು ಅದನ್ನು ಹುಲ್ಲಿಗೆ ಚಿಮುಕಿಸುವುದಂತೂ ಬೇಡವೇ ಬೇಡ. ಮೈಲುತುತ್ತು ಕಲಸಿದ ಡ್ರಮ್ಮನ್ನೂ ಇದಕ್ಕೆ ಬಳಸಬೇಡಿ.

ಮಳೆಗಾಲಕ್ಕೆ ಬೇಕಾದ ಹುಲ್ಲನ್ನು ಮೇ ಮುಗಿಯುವ ಮೊದಲೇ ಕತ್ತರಿಸಿ ಒಣಗಿದ್ದಾಗಲೇ ಚೀಲದಲ್ಲಿ ತುಂಬಿಡಿ. ಬೂಷ್ಟು ಹಿಡಿದ ಹುಲ್ಲು ತೂಕದಲ್ಲೂ ಸತ್ವದಲ್ಲೂ ಕಳೆದುಕೊಂಡಿರುತ್ತದೆ. ಹೊರತೊಟ್ಟಿಗೆ ಮುಚ್ಚಿಗೆ ಹಾಕಿ, ಅಂಗಳದ ನೀರು ಒಳಬಾಯಿಗೆ ನುಗ್ಗದಂತೆ ಕಟ್ಟೆ ಎತ್ತರಿಸಿ. ಜೂನಿನ ಮಳೆ ಒಂದು ವಾರದಲ್ಲಿ ಸ್ಲರಿಯನ್ನು ನೀರು ಮಾಡಿದರೆ ಅರ್ಧಂಬರ್ಧ ಕರಗಿದ ಹುಲ್ಲು ಪುನಃ ಮೇಲೆ ಬರುತ್ತದೆ.

ಗುಂಡಿಗೆ ಹಾಕುವ ಮೊದಲೇ ಹದದ ಗುಣ ತಿಳಿಯಬೇಕೆಂದಿದ್ದರೆ 20 ಲೀಟರಿನ ಮೂರು ಕುಡಿಯುವ ನೀರಿನ ಕ್ಯಾನ್ ಸಾಕು. ಮೂರರಲ್ಲೂ 8 ಲೀಟರ್ ಸ್ಲರಿ, 4 ಲೀಟರ್ ನೀರು. ಒಂದರಲ್ಲಿ ಮತ್ತೇನೂ ಬೇಡ, ಇನ್ನೊಂದರಲ್ಲಿ 150 ಗ್ರಾಂ ಹದ ಮಾಡದ ಹುಲ್ಲು, ಮೂರನೆಯದರಲ್ಲಿ ಒಣ ತೂಕದಲ್ಲಿ ಅಷ್ಟೇ ಹದ ಮಾಡಿದ ಹುಲ್ಲು. ಮುಚ್ಚಳಕ್ಕೆ ಸಣ್ಣ ನಳಿಕೆ ಕೂಡಿಸಿ, ಸಂದಿಗೆ ಅಂಟು ಹಾಕಿ, ಇನ್ನೊಂದು ತುದಿಯನ್ನು ನೀರಿನ ತೊಟ್ಟಿಯಲ್ಲಿ ಬೋರಲು ಹಾಕಿದ 5 ಲೀಟರ್ ಬಾಟಲಿಯೊಳಗಿಡಿ. ಬಾಟಲಿಯಲ್ಲಿ ಎಷ್ಟು ನೀರು ಇಳಿಯಿತೋ ಅಷ್ಟು ಗ್ಯಾಸ್. ತುಂಬಿದಂತೆ ಬರೆದಿಟ್ಟು ಮತ್ತೆ ನೀರು ತುಂಬಿಸಿ. ಮೂವತ್ತು ದಿನದ ಮೊತ್ತದಲ್ಲಿ ಮೊದಲ ಕ್ಯಾನಿನದ್ದನ್ನು ಕಳೆದರೆ ಉಳಿದದ್ದು ಹುಲ್ಲಿನ ಪಾಲು. ಹದ ಮಾಡಿದ್ದು 30 ಲೀಟರ್ ಮೇಲೆ ಕೊಟ್ಟು, ಮಾಡದ್ದಕ್ಕಿಂತ ಕಾಲುಭಾಗವಾದರೂ ಹೆಚ್ಚಿದ್ದರೆ ನಿಮ್ಮ ಸುಣ್ಣ, ನಿಮ್ಮ ಅಳತೆ ಸರಿಯಿದೆ. ಎರಡೂ ಒಂದೇ ಆದರೆ ಸುಣ್ಣ ಸತ್ತದ್ದು ಅಥವಾ ಡ್ರಮ್ಮಿಗೆ ಗಾಳಿಯಾಡಿದೆ.

ಎರಡು ತಿಂಗಳಾದ ಮೇಲೆ ಹೊರಬಂದ ಸ್ಲರಿಯಿಂದ ನಾಲ್ಕು ಹುಲ್ಲಿನ ತುಂಡು ಹೆಕ್ಕಿ, ತೊಳೆದು, ಬೆರಳಲ್ಲಿ ಎಳೆದು ನೋಡಿ. ಕಪ್ಪಾಗಿ, ಎಳೆದ ಕೂಡಲೇ ಕಳಚಿ ಬಂದರೆ ಒಳಗೆ ಆಗಬೇಕಾದದ್ದು ಆಗಿದೆ. ಇನ್ನೂ ಹಳದಿಯಾಗಿ ಗಟ್ಟಿಯಿದ್ದರೆ ಹುಲ್ಲನ್ನು ಒಂದೂವರೆ ಕಿಲೊಗೆ ಇಳಿಸಿ, ತುಂಡು ಇನ್ನೂ ಸಣ್ಣದು ಮಾಡಿ, ಡ್ರಮ್ಮಿನಲ್ಲಿ ಐದು ದಿನ ಹೆಚ್ಚು ಬಿಡಿ.